ಊರ ಕೆರೆಗೂ ಯಕ್ಷಗಾನ ಮೇಳಕ್ಕೂ ಒಂದೇ ಅರ್ಜಿ ಹಾಕಬಹುದೇ?

ಪ್ರಶ್ನೆ: ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದೊಂದು ಯುವಕ ಮಂಡಳಿ ಇದೆ, ನಾನು ಅದರ ಕಾರ್ಯದರ್ಶಿ. ಆರು ವರ್ಷದ ಹಿಂದೆ ನೋಂದಣಿ ಮಾಡಿಸಿದೆವು. ಮೊದಲ ಎರಡು ವರ್ಷ ಲೆಕ್ಕಪತ್ರ ಸಲ್ಲಿಸಿದ್ದೇವೆ, ಆಮೇಲೆ ಅದು ಇದು ಅಂತ ಬಿಟ್ಟುಹೋಯಿತು. ಈಗ ಎರಡು ಕೆಲಸ ಕೈಗೆತ್ತಿಕೊಳ್ಳಬೇಕೆಂದಿದ್ದೇವೆ. ಊರ ಮೇಲ್ಗಡೆ ಎರಡು ಎಕರೆಯ ಹಳೇ ಕೆರೆ ಹೂಳು ತುಂಬಿ ಬಯಲಾಗಿದೆ, ಅದನ್ನು ತೆಗೆಸಬೇಕು. ಜೊತೆಗೆ ಮಕ್ಕಳಿಗೆ ಯಕ್ಷಗಾನ ಕಲಿಸಲು ಒಬ್ಬ ಗುರುಗಳನ್ನು ಕರೆಸಿ, ಚಂಡೆ, ಮದ್ದಳೆ, ವೇಷಭೂಷಣ ಮಾಡಿಸಬೇಕು. ಹೂಳು ತೆಗೆಯಲು ಮೂರು ಲಕ್ಷ, ಎರಡೂ ಸೇರಿ ಎಂಟು ಲಕ್ಷದ ಅಂದಾಜು. ಒಬ್ಬರು ಬಂದು, ‘ಒಂದೇ ಅರ್ಜಿಯಲ್ಲಿ ಮಾಡಿಸಿಕೊಡ್ತೇನೆ, ನನಗೆ ಶೇ 20 ಕೊಡಿ, ಮುಂಗಡ ಹದಿನೈದು ಸಾವಿರ’ ಎನ್ನುತ್ತಿದ್ದಾರೆ. ಬೆಂಗಳೂರಿನ ಕಂಪನಿಯೊಂದರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡಿಸುವುದಾಗಿಯೂ ಹೇಳುತ್ತಾರೆ. ನನ್ನ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ, ಎರಡು ಲಕ್ಷ ಕಳಿಸಲು ತಯಾರಿದ್ದಾನೆ. ಆದರೆ ವಿದೇಶದ ದುಡ್ಡು ತಗೊಂಡರೆ ಕೇಸಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಮಂಡಳಿ ಬಿಟ್ಟು ಹೊಸದಾಗಿ ಟ್ರಸ್ಟ್ ಮಾಡುವುದು ಒಳ್ಳೆಯದೆಂದು ಇನ್ನು ಕೆಲವರ ಅಭಿಪ್ರಾಯ. ಮಂಡಳಿಯ ಹಣ ಸದ್ಯ ಅಧ್ಯಕ್ಷರ ಸ್ವಂತ ಖಾತೆಯಲ್ಲಿದೆ, 41 ಸಾವಿರ. ಏನು ಮಾಡಬೇಕು? (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಎಲ್ಲದರ ಅಡಿಯಲ್ಲಿರುವ ಅಳುಕು ಒಂದೇ. ಊರಿನ ಕೆಲಸಕ್ಕೆಂದು ತಂದ ದುಡ್ಡು ನಾಳೆ ನಮ್ಮ ತಲೆಗೇ ಬಂದರೆ? ಈ ಅಳುಕು ಇರುವುದು ಒಳ್ಳೆಯದು. ಸಣ್ಣ ಸಂಘಗಳ ಲೆಕ್ಕ ತಪಾಸಣೆ ನನ್ನ ಕಸುಬು. ದುಡ್ಡು ಸಿಗದೆ ಮುಚ್ಚಿದ ಸಂಘಗಳನ್ನು ನಾನು ಕಂಡದ್ದು ಕಡಿಮೆ, ದುಡ್ಡು ಬಂದ ಮೇಲೆ ಒಡೆದುಹೋದವೇ ಹೆಚ್ಚು. ಹಾಗಾಗಿ ಎಲ್ಲಿ ಸಿಗುತ್ತದೆ ಎಂಬುದಕ್ಕಿಂತ ಮೊದಲು, ನಿಮ್ಮ ಮಂಡಳಿ ಈಗಿರುವ ಸ್ಥಿತಿಯಲ್ಲಿ ಎಂಥ ದುಡ್ಡನ್ನು ತಾಳಿಕೊಂಡೀತು ಎಂದು ನೋಡೋಣ.

ಮೊದಲು ಆ ಮಹಾಶಯರ ವಿಚಾರ ಮುಗಿಸಿಬಿಡುತ್ತೇನೆ. ಮುಂಗಡ ಹದಿನೈದು ಸಾವಿರ ಕೊಡಬೇಡಿ. ಅರ್ಜಿ ಬರೆದುಕೊಟ್ಟವರಿಗೆ, ಅಂದಾಜುಪಟ್ಟಿ ಮಾಡಿಕೊಟ್ಟ ಎಂಜಿನಿಯರಿಗೆ ಅವರ ದುಡಿಮೆಯ ಶುಲ್ಕವನ್ನು ರಸೀದಿ ಪಡೆದು ಕೊಡುವುದರಲ್ಲಿ ತಪ್ಪಿಲ್ಲ. ಮಂಜೂರಾದ ಮೊತ್ತದಲ್ಲಿ ಪಾಲು ಕೊಡುವುದು ಬೇರೆಯೇ ವ್ಯವಹಾರ. ಸರ್ಕಾರದ್ದಾಗಲಿ ಖಾಸಗಿ ಪ್ರತಿಷ್ಠಾನದ್ದಾಗಲಿ, ಯಾವ ಅನುದಾನದ ಬಳಕೆ ಪ್ರಮಾಣಪತ್ರದಲ್ಲೂ (ಹಣ ಹೇಗೆ ಖರ್ಚಾಯಿತೆಂದು ತೋರಿಸುವ ಪತ್ರ) ‘ಕಮಿಷನ್ ಶೇ 20’ ಎಂದು ಬರೆಯಲು ಸಾಲಿಲ್ಲ. ಎಂಟು ಲಕ್ಷ ಬಂದರೆ ಒಂದು ಲಕ್ಷ ಅರುವತ್ತು ಸಾವಿರ ಅವರಿಗೆ ಹೋಗುತ್ತದೆ. ಅಷ್ಟನ್ನು ಹೂಳಿನ ಲೆಕ್ಕದಲ್ಲೋ ಕಿರೀಟದ ಲೆಕ್ಕದಲ್ಲೋ ತೋರಿಸಲು ಸುಳ್ಳು ಬಿಲ್ಲು ಬೇಕು. ಬಿಲ್ಲಿಗೆ ಸಹಿ ಹಾಕುವವರು ಕಾರ್ಯದರ್ಶಿ, ಅಂದರೆ ನೀವು. ಅವರ ಹೆಸರು ಆ ಕಡತದಲ್ಲಿ ಎಲ್ಲೂ ಇರುವುದಿಲ್ಲ.

ಸಿಎಸ್‌ಆರ್ ಮಾತಿನಲ್ಲೂ ಎಚ್ಚರ ಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಿಸರ ರಕ್ಷಣೆಯೂ ಇದೆ, ಸಾಂಪ್ರದಾಯಿಕ ಕಲೆಯೂ ಇದೆ. ಆದ್ದರಿಂದ ನಿಮ್ಮ ಎರಡೂ ಕೆಲಸ ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಸಂಘವೊಂದು ಕಂಪನಿಯಿಂದ ನೇರವಾಗಿ ಈ ಹಣ ಪಡೆಯಬೇಕಾದರೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ (ಸಂಘಕ್ಕೂ ದಾನಿಗೂ ತೆರಿಗೆ ಅನುಕೂಲ ಕೊಡುವಂಥವು) ಇರಬೇಕು, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು, 2021ರ ಏಪ್ರಿಲ್‌ನಿಂದ ಈಚೆಗೆ ಸಿಎಸ್‌ಆರ್-1 ಎಂಬ ನಮೂನೆ ಸಲ್ಲಿಸಿ ಸಂಖ್ಯೆಯನ್ನೂ ಪಡೆದಿರಬೇಕು. ನಿಮ್ಮಲ್ಲಿ ಇವಾವುವೂ ಇಲ್ಲ. ಇದನ್ನು ಬಲ್ಲ ಯಾವ ಕಂಪನಿಯೂ ನಿಮಗೆ ಚೆಕ್ ಬರೆಯುವುದಿಲ್ಲ. ಗೊತ್ತಿದ್ದೂ ಬರೆಯಲು ಮುಂದೆ ಬಂದರೆ ಇನ್ನೂ ಹೆಚ್ಚು ಹೆದರಿ. ‘ಹತ್ತು ಲಕ್ಷ ಖಾತೆಗೆ ಹಾಕುತ್ತೇವೆ, ಏಳು ಲಕ್ಷ ನಗದು ವಾಪಸ್ ಕೊಡಿ, ಮೂರು ನಿಮಗೆ’ ಎಂಬ ಪ್ರಸ್ತಾಪ ನಮ್ಮ ವಲಯದಲ್ಲಿ ಹೊಸದಲ್ಲ. ಮೂರು ಲಕ್ಷ ಸುಮ್ಮನೆ ಸಿಕ್ಕಿತು ಅನ್ನಿಸುತ್ತದೆ. ದಾಖಲೆಯಲ್ಲಿ ಮಾತ್ರ ನೀವು ಹತ್ತು ಲಕ್ಷದ ಕೆಲಸ ಮಾಡಿದವರು. ತಪಾಸಣೆ ಬಂದ ದಿನ ಮೂರು ಲಕ್ಷದ ಕೆಲಸ ತೋರಿಸಿ, ಏಳು ಲಕ್ಷಕ್ಕೆ ಆಕಾಶ ನೋಡಬೇಕು.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ತೆಗೆದುಹಾಕುವುದು ಒಳ್ಳೆಯದು. ‘ಶಿಫಾರಸು ಇಲ್ಲದೆ ಏನೂ ಆಗೋದಿಲ್ಲ’ ಎನ್ನುತ್ತಾರಲ್ಲ, ಅದು ಪೂರ್ತಿ ಸುಳ್ಳು ಎಂದು ಹೇಳಿದರೆ ನೀವೇ ನಗುತ್ತೀರಿ. ಶಾಸಕರ ನಿಧಿಯಂಥದಕ್ಕೆ ಶಾಸಕರ ಮನಸ್ಸು ಬೇಕೇ ಬೇಕು, ಅದು ಇರುವುದೇ ಹಾಗೆ. ಆದರೆ ಅರ್ಜಿ ಕರೆದು ಕೊಡುವ ಸಣ್ಣ ಅನುದಾನಗಳಲ್ಲಿ ಹೆಚ್ಚಿನ ಅರ್ಜಿಗಳು ಬೀಳುವುದು ಕಾಗದದ ಮಟ್ಟದಲ್ಲೇ: ಲೆಕ್ಕಪತ್ರ ಇಲ್ಲ, ಸಂಘದ ಹೆಸರಿನ ಖಾತೆ ಇಲ್ಲ, ನೋಂದಣಿ ಪತ್ರದಲ್ಲಿರುವ ಪದಾಧಿಕಾರಿಗಳಿಗೂ ಅರ್ಜಿಯಲ್ಲಿ ಸಹಿ ಹಾಕಿದವರಿಗೂ ತಾಳೆಯಾಗುವುದಿಲ್ಲ. ಶಿಫಾರಸಿನ ಮಾತು ಬರುವುದು ಈ ಜರಡಿ ದಾಟಿದ ಮೇಲೆ. ಅಲ್ಲಿಯವರೆಗೂ ಹೋಗದೆ ಬಿದ್ದವರು ಊರಿಗೆ ಬಂದು, ‘ನಮಗೆ ಮೇಲೆ ಯಾರೂ ಇರಲಿಲ್ಲ’ ಎನ್ನುತ್ತಾರೆ.

ಟ್ರಸ್ಟ್ ಬೇಡ, ಮಂಡಳಿಯನ್ನೇ ಸರಿಮಾಡಿ

ನಿಮ್ಮ ಮಂಡಳಿಯ ಅತಿ ದೊಡ್ಡ ಆಸ್ತಿ ಆ 41 ಸಾವಿರವಲ್ಲ, ಅದರ ಆರು ವರ್ಷದ ವಯಸ್ಸು. ಹೆಚ್ಚಿನ ಯೋಜನೆಗಳು ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕೆಂದು ಕೇಳುತ್ತವೆ. ಹೊಸ ಟ್ರಸ್ಟ್ ಮಾಡಿದ ದಿನದಿಂದ ಆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಟ್ರಸ್ಟಿನ ಅನುಕೂಲ ನಿಜ: ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಆಯಿತು, ವರ್ಷ ವರ್ಷ ಚುನಾವಣೆಯ ರಗಳೆ ಇಲ್ಲ. ಅದರ ತೊಂದರೆಯೂ ಅಲ್ಲೇ ಇದೆ. ನಾಲ್ಕೈದು ಮಂದಿ ಧರ್ಮದರ್ಶಿಗಳ ಕೈಗೆ ಊರಿನ ಕೆಲಸ ಹೋಗುತ್ತದೆ, ಉಳಿದವರು ‘ಅದು ಅವರದ್ದು’ ಎಂದು ದೂರ ಸರಿಯುತ್ತಾರೆ. ಕೆರೆಯಂಥ ಎಲ್ಲರ ಸೊತ್ತಿಗೆ ಕೈಹಾಕುವಾಗ ಇದು ಒಳ್ಳೆಯದಲ್ಲ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಮಂದಿ ಸೇರಿ ಸಂಘ ನೋಂದಾಯಿಸಬಹುದು ಎನ್ನುವುದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 13ನೇ ಕಲಂ ಯಾರಿಗೂ ನೆನಪಿರುವುದಿಲ್ಲ. ವಾರ್ಷಿಕ ಸಾಮಾನ್ಯ ಸಭೆ ನಡೆದ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ತಪಾಸಣೆಯಾದ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಕೊಡಬೇಕು. ನಿಮ್ಮದು ನಾಲ್ಕು ವರ್ಷ ಬಾಕಿ. ಇದರಲ್ಲಿ ನೀವು ಒಂಟಿಯಲ್ಲ, ನನ್ನ ಮೇಜಿಗೆ ಬರುವ ಸಂಘಗಳಲ್ಲಿ ಅರ್ಧಕ್ಕರ್ಧ ಇದೇ ಸ್ಥಿತಿಯಲ್ಲಿರುತ್ತವೆ. ಬಾಕಿ ವರ್ಷಗಳಿಗೆ ವರ್ಷವಾರು ಲೆಕ್ಕ ಬರೆಸಿ. ಖರ್ಚೇ ಇಲ್ಲದ ವರ್ಷಕ್ಕೂ ಶೂನ್ಯ ಲೆಕ್ಕ ಬರೆಯಬೇಕು. ಲೆಕ್ಕಪರಿಶೋಧಕರ ಸಹಿ ಹಾಕಿಸಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಿ ತಡವಾದದ್ದಕ್ಕೆ ಏನು ದಂಡ, ಯಾವ ಕ್ರಮ ಎಂದು ವಿಚಾರಿಸಿ. ಒಂದು ಕೆಲಸ ಮಾತ್ರ ಮಾಡಬೇಡಿ: ನಡೆಯದ ಸಭೆಗಳ ನಡವಳಿಯನ್ನು ಹಿಂದಿನ ತಾರೀಖು ಹಾಕಿ ಒಂದೇ ರಾತ್ರಿಯಲ್ಲಿ ಬರೆಯುವುದು. ಒಂದೇ ಪೆನ್ನು, ಒಂದೇ ಕೈಬರಹದಲ್ಲಿ ನಾಲ್ಕು ವರ್ಷ! ಕಚೇರಿಯವರು ಇಂಥವನ್ನು ನೋಡಿ ನೋಡಿ ಪಳಗಿದವರು. ಈಗ ಒಂದು ಸಾಮಾನ್ಯ ಸಭೆ ಕರೆದು, ಹಿಂದಿನ ವರ್ಷಗಳಲ್ಲಿ ಸಭೆ ನಡೆದಿಲ್ಲವೆಂದೇ ದಾಖಲಿಸಿ, ಎಲ್ಲ ವರ್ಷದ ಲೆಕ್ಕಕ್ಕೂ ಒಪ್ಪಿಗೆ ಪಡೆಯುವುದು ಮರ್ಯಾದೆಯ ದಾರಿ.

ಅದಾದ ಮೇಲೆ ಪ್ಯಾನ್ ಕಾರ್ಡ್ ಮಂಡಳಿಯ ಹೆಸರಿನಲ್ಲಿ. ಆಮೇಲೆ ನೀತಿ ಆಯೋಗವು ಸ್ವಯಂಸೇವಾ ಸಂಸ್ಥೆಗಳಿಗಾಗಿ ನಡೆಸುವ ದರ್ಪಣ್ ಜಾಲತಾಣದಲ್ಲಿ ನೋಂದಣಿ. ಅದಕ್ಕೆ ಶುಲ್ಕವಿಲ್ಲ, ಕೇಂದ್ರ ಸರ್ಕಾರದ ಅನುದಾನಕ್ಕೆ ಆ ಸಂಖ್ಯೆ ಬೇಕಾಗುತ್ತದೆ. 12ಎ, 80ಜಿ ತೆಗೆದುಕೊಳ್ಳಬೇಕೇ ಎಂದರೆ, ಈ ವರ್ಷವೇ ಬೇಕಿಲ್ಲ ಎನ್ನುತ್ತೇನೆ. ಅದು ಸಿಕ್ಕರೆ ಬಂದ ದೇಣಿಗೆಗೆ ತೆರಿಗೆ ವಿನಾಯಿತಿ, ಕೊಟ್ಟವರಿಗೂ ಅನುಕೂಲ. ಆದರೆ ಅದರ ಹಿಂದೆಯೇ ಕಟ್ಟುಪಾಡುಗಳೂ ಬರುತ್ತವೆ: ವರ್ಷದ ಆದಾಯದ ಶೇ 85ನ್ನು ಉದ್ದೇಶಕ್ಕೇ ಬಳಸಬೇಕು, ಉಳಿಸಿಕೊಂಡರೆ ಕಾರಣ ಕೊಡಬೇಕು, ಪ್ರತಿ ವರ್ಷ ರಿಟರ್ನ್ ಸಲ್ಲಿಸಬೇಕು, ದಾನಿಗಳ ವಿವರ ಇಲಾಖೆಗೆ ಒಪ್ಪಿಸಬೇಕು. ಒಂದು ವರ್ಷ ಮರೆತರೂ ಬಿಸಿ ತಟ್ಟುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಂ ಸಂಖ್ಯೆಗಳೆಲ್ಲ ಬದಲಾಗಿವೆ, ನಾವೆಲ್ಲ ಇನ್ನೂ ಹಳೇ ಹೆಸರಿನಿಂದಲೇ ಕರೆಯುತ್ತಿದ್ದೇವೆ ಅಷ್ಟೆ. ಎರಡು ವರ್ಷ ಮಂಡಳಿಯ ಲೆಕ್ಕ ತಪ್ಪದೆ ಬರೆಯಲು ಕಲಿತ ಮೇಲೆ ಆ ಕಡೆ ಹೋಗಿ. ದೊಡ್ಡ ದಾನಿಯೊಬ್ಬರು ಖಚಿತವಾಗಿ ಮುಂದೆ ಬಂದರೆ ಮಾತ್ರ ಬೇಗ ಮಾಡಿಸಿ.

ಚಿಕ್ಕಪ್ಪನ ಮಗನ ಎರಡು ಲಕ್ಷ

ನಿಮ್ಮನ್ನು ಹೆದರಿಸಿದವರು ಹೇಳಿದ್ದು ಅರ್ಧ ಸರಿ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ 2010ರ ಎಫ್‌ಸಿಆರ್‌ಎ, ದುಡ್ಡು ಯಾವ ದೇಶದಿಂದ ಬಂತು ಎಂದು ಕೇಳುವುದಿಲ್ಲ. ಕೊಟ್ಟವರು ಯಾವ ದೇಶದ ಪ್ರಜೆ ಎಂದು ಕೇಳುತ್ತದೆ. ಮಸ್ಕತ್ತಿನಲ್ಲೋ ದುಬೈಯಲ್ಲೋ ದುಡಿಯುವ ನಿಮ್ಮೂರ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ, ಒಂದು ಸಹಿ ಮಾಡಿದ ಪತ್ರ ಕಡತದಲ್ಲಿಟ್ಟು ನಿಶ್ಚಿಂತೆಯಿಂದ ಪಡೆಯಿರಿ. ನಿಮ್ಮ ತಮ್ಮ ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡಿದ್ದರೆ ಮಾತು ಬೇರೆ. ಆಗ ಅವರು ಊರಿಗೆ ಬಂದು, ಶಿರಸಿಯ ಎಟಿಎಂನಿಂದ ರೂಪಾಯಿ ತೆಗೆದು ಮಂಡಳಿಗೆ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ಮದ್ದಳೆಯನ್ನೇ ಕೊಂಡು ಕೊಟ್ಟರೂ ವಸ್ತುರೂಪದ ವಂತಿಗೆ. ಹೀಗಾಗಿ ಮೊದಲು ಅವರನ್ನು ಕೇಳಬೇಕಾದ ಪ್ರಶ್ನೆ, ‘ತಮ್ಮಾ, ನಿಂದು ಯಾವ ಪಾಸ್‌ಪೋರ್ಟು?’

ಅಮೆರಿಕದ್ದು ಎಂದರೆ, ನೀವೇ ಎಫ್‌ಸಿಆರ್‌ಎ ನೋಂದಣಿ ಮಾಡಿಸಿಕೊಳ್ಳುವ ಯೋಚನೆ ಬಿಡಿ. ಸಾಮಾನ್ಯ ನೋಂದಣಿಗೆ ಮೂರು ವರ್ಷದ ಇರುವಿಕೆಯ ಜೊತೆಗೆ, ಆ ಮೂರು ವರ್ಷಗಳಲ್ಲಿ ಮುಖ್ಯ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನೋಂದಣಿ ಸಿಕ್ಕರೂ ವಿದೇಶಿ ಹಣಕ್ಕೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಎರಡು ಲಕ್ಷಕ್ಕಾಗಿ ಇಷ್ಟೆಲ್ಲ ಕಟ್ಟಿಕೊಳ್ಳುವುದರಲ್ಲಿ ಅರ್ಥವಿಲ್ಲ.

‘ಅವನ ಅಪ್ಪನ ಖಾತೆಗೆ ಹಾಕಿಸಿ, ಚಿಕ್ಕಪ್ಪ ಮಂಡಳಿಗೆ ಕೊಟ್ಟರೆ?’ ಎಂದು ನಿಮ್ಮಲ್ಲಿ ಯಾರಾದರೂ ಈಗಾಗಲೇ ಹೇಳಿರುತ್ತಾರೆ. ಮಗ ಅಪ್ಪನಿಗೆ ಹಣ ಕಳಿಸಲು ಕಾಯ್ದೆಯ ಅಡ್ಡಿಯಿಲ್ಲ, ಚಿಕ್ಕಪ್ಪ ತಮ್ಮ ದುಡಿಮೆಯಿಂದ ಮಂಡಳಿಗೆ ಕೊಡಲೂ ಅಡ್ಡಿಯಿಲ್ಲ. ಆದರೆ ಮಂಡಳಿಗೆಂದೇ ಕಳಿಸಿ, ಅದೇ ಮೊತ್ತ ಅದೇ ವಾರದಲ್ಲಿ ದಾಟಿಹೋದರೆ ಅದು ಸುತ್ತುದಾರಿಯೆಂದು ಬ್ಯಾಂಕಿನ ಪಾಸ್‌ಬುಕ್ಕೇ ಸಾರುತ್ತದೆ. ನಾನು ಇದಕ್ಕೆ ಸಲಹೆ ಕೊಡಲಾರೆ. ನೇರ ದಾರಿ ಒಂದಿದೆ. ಎಫ್‌ಸಿಆರ್‌ಎ ನೋಂದಣಿ ಇರುವ, ನಿಮ್ಮ ಭಾಗದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಅವರು ಕೊಡಲಿ. ಆ ಸಂಸ್ಥೆ ತಾನೇ ನಿಮ್ಮೂರಿನಲ್ಲಿ ಖರ್ಚು ಮಾಡಲಿ. 2020ರ ತಿದ್ದುಪಡಿಯ ನಂತರ ಆ ಹಣವನ್ನು ಅವರು ನಿಮ್ಮ ಖಾತೆಗೆ ದಾಟಿಸುವಂತಿಲ್ಲ, ಬಿಲ್ಲುಗಳೆಲ್ಲ ಅವರ ಹೆಸರಿನಲ್ಲೇ ಆಗಬೇಕು. ರಾಯಭಾರ ಕಚೇರಿಗಳು, ವಿದೇಶಿ ಪ್ರತಿಷ್ಠಾನಗಳು ಕೊಡುವ ಸಣ್ಣ ಅನುದಾನಗಳಿಗೂ ಇದೇ ಕಟ್ಟು. ವಿಶ್ವಸಂಸ್ಥೆ, ವಿಶ್ವಬ್ಯಾಂಕ್‌ಗಳು ಮಾತ್ರ ‘ವಿದೇಶಿ ಮೂಲ’ ಎಂಬ ವ್ಯಾಖ್ಯೆಯ ಹೊರಗಿವೆ.

ಕೆರೆಯ ಅರ್ಜಿ ಬೇರೆ, ಮೇಳದ ಅರ್ಜಿ ಬೇರೆ

ನೀವು ಕಳಿಸಿದ ಅಂದಾಜಿನಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ. ಪರಿಸರಕ್ಕೆ ಹಣ ಕೊಡುವವರು ವೇಷಭೂಷಣದ ಸಾಲು ಕಂಡ ಕೂಡಲೇ ಕಡತ ಮುಚ್ಚುತ್ತಾರೆ, ಕಲೆಗೆ ಕೊಡುವವರು ಹಿಟಾಚಿ ಬಾಡಿಗೆ ಕಂಡು ನಗುತ್ತಾರೆ. ‘ಸಮಗ್ರ ಗ್ರಾಮಾಭಿವೃದ್ಧಿ’ ಎಂಬ ತಲೆಬರಹ ಹಾಕಿದರೆ ಇಬ್ಬರಿಗೂ ಬೇಡವಾಗುತ್ತದೆ.

ಮೇಳದ್ದು ಸುಲಭ, ಅದನ್ನು ಮೊದಲು ಹೇಳುತ್ತೇನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳ ಧನಸಹಾಯಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಕರೆಯುತ್ತದೆ. ಕಾರ್ಯಕ್ರಮಗಳಿಗೂ, ವಾದ್ಯ ಮತ್ತು ವೇಷಭೂಷಣ ಖರೀದಿಗೂ ಅದರಲ್ಲಿ ಅವಕಾಶವಿದೆ. ಕಾರವಾರದ ಇಲಾಖಾ ಕಚೇರಿಯಲ್ಲಿ ಈ ವರ್ಷದ ಪ್ರಕಟಣೆ ಯಾವಾಗ ಎಂದು ಕೇಳಿಕೊಳ್ಳಿ. ಕರ್ನಾಟಕ ಯಕ್ಷಗಾನ ಅಕಾಡೆಮಿಯನ್ನೂ ವಿಚಾರಿಸಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ‘ಕಲಾ ಸಂಸ್ಕೃತಿ ವಿಕಾಸ ಯೋಜನೆ’ಯಡಿ ಉತ್ಸವ, ಪ್ರಯೋಗಗಳಿಗೆ ಕೊಡುವ ಅನುದಾನ ಸಾಮಾನ್ಯವಾಗಿ 5 ಲಕ್ಷದವರೆಗೆ ಇರುತ್ತದೆ, ಆದರೆ ಮೊದಲ ವರ್ಷವೇ ಅಲ್ಲಿಗೆ ಹಾರಬೇಡಿ. ಬೆಂಗಳೂರಿನಲ್ಲಿ 1993ರಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆ ಇದೆ. ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗಾಗಿ ‘ಕಲಿ-ಕಲಿಸು’ ಎಂಬ ಅವರ ಕಾರ್ಯಕ್ರಮವಿದೆ. ನಿಮ್ಮೂರ ಶಾಲೆಯ ಮೇಷ್ಟ್ರೋ ಟೀಚರೋ ಯಕ್ಷಗಾನವನ್ನು ಪಾಠದೊಳಕ್ಕೆ ತರುವ ಆಸಕ್ತಿಯುಳ್ಳವರಾದರೆ ಅವರೇ ಅರ್ಜಿ ಹಾಕಲಿ. ಆಗ ಗುರುಗಳ ಸಂಭಾವನೆಯ ಭಾರ ಮಂಡಳಿಯ ತಲೆಯಿಂದ ಇಳಿಯುವ ಸಾಧ್ಯತೆಯಿದೆ. ಆದರೆ ಆ ಸಂಸ್ಥೆ ಯೋಚನೆಗೆ ಹಣ ಕೊಡುತ್ತದೆ, ಕಿರೀಟ ಕೊಳ್ಳಲು ಅಲ್ಲ. ಮಕ್ಕಳು ಕಲಿತು ಏನಾಗುತ್ತದೆ ಎಂಬುದಕ್ಕೆ ನಿಮ್ಮದೇ ಉತ್ತರ ಇದ್ದರೆ ಮಾತ್ರ ಬರೆಯಿರಿ.

ವೇಷಭೂಷಣದ ಬಗ್ಗೆ ಒಂದು ಮಾತು. ಮೊದಲ ವರ್ಷವೇ ಪೂರ್ಣ ಸೆಟ್ ಮಾಡಿಸಬೇಡಿ. ಮಕ್ಕಳ ಅಳತೆಯ ಕೇದಗೆ ಮುಂದಲೆ, ಕಿರೀಟ ಮಾಡಿಸಿ, ಎರಡು ವರ್ಷದಲ್ಲಿ ಮಕ್ಕಳು ಬೆಳೆದು, ಪೆಟ್ಟಿಗೆಯಲ್ಲಿ ಗೆದ್ದಲು ಹತ್ತಿದ್ದನ್ನು ಕಂಡಿದ್ದೇನೆ. ಒಂದು ಚಂಡೆ, ಎರಡು ಮದ್ದಳೆ, ಹತ್ತು ತಿಂಗಳ ಗುರುದಕ್ಷಿಣೆ ಇಷ್ಟಿದ್ದರೆ ಕಲಿಕೆ ಶುರುವಾಗುತ್ತದೆ. ರಂಗಪ್ರವೇಶಕ್ಕೆ ವೇಷ ಬಾಡಿಗೆಗೆ ಸಿಗುತ್ತದೆ.

ಇನ್ನು ಕೆರೆ. ಇಲ್ಲಿ ದುಡ್ಡಿನ ಪ್ರಶ್ನೆ ಮೂರನೆಯದು. ಮೊದಲನೆಯದು, ಆ ಕೆರೆ ಯಾರದ್ದು? ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರ್ ದಾಟಿದ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿರುತ್ತವೆ. ನಿಮ್ಮ ಎರಡು ಎಕರೆಯದ್ದು ಸಹಜವಾಗಿ ಪಂಚಾಯತಿಗೆ ಬರಬೇಕು. ಆದರೆ ನಿಮ್ಮ ಜಿಲ್ಲೆ ಉತ್ತರ ಕನ್ನಡ. ಬಹುಪಾಲು ಅರಣ್ಯ. ‘ಊರ ಮೇಲ್ಗಡೆ’ ಎಂದು ಬರೆದಿದ್ದೀರಿ, ಅದು ಸೊಪ್ಪಿನಬೆಟ್ಟದ ಅಂಚಿನಲ್ಲೋ ಕಾನಿನೊಳಗೋ ಇದ್ದರೆ ಪಹಣಿ ತೆಗೆಸಿ ನೋಡಿ. ಅರಣ್ಯ ಎಂದಿದ್ದರೆ ಇಲಾಖೆಯ ಅನುಮತಿ ಇಲ್ಲದೆ ಯಂತ್ರ ಇಳಿಸುವುದು ಕೇಸಿಗೆ ಆಹ್ವಾನ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಆಗ ನಿಮ್ಮೂರಿನ ಗ್ರಾಮ ಅರಣ್ಯ ಸಮಿತಿಯನ್ನು ಮುಂದಿಟ್ಟುಕೊಂಡು, ವಲಯ ಅರಣ್ಯಾಧಿಕಾರಿಗಳ ಮೂಲಕವೇ ಹೋಗಬೇಕು. ಪಂಚಾಯತಿಯದ್ದಾದರೆ ಗ್ರಾಮಸಭೆಯಲ್ಲಿ ವಿಷಯ ಇಟ್ಟು, ಮಂಡಳಿ ಹೂಳು ತೆಗೆಸಲು ಒಪ್ಪಿಗೆಯಿದೆ ಎಂಬ ಠರಾವಿನ ಪ್ರತಿ ಪಡೆಯಿರಿ. ಪಿಡಿಒ ಬಾಯಿಮಾತಿನಲ್ಲಿ ‘ಮಾಡಿ ಮಾಡಿ’ ಎಂದದ್ದು ಲೆಕ್ಕಕ್ಕಿಲ್ಲ.

ಎರಡನೆಯದು ಗಡಿ. ಕೆರೆ ಬಯಲಾದಾಗ ಅಂಚಿನ ತೋಟಗಳು ಒಂದೊಂದು ಸಾಲು ಒಳಗೆ ಬಂದಿರುತ್ತವೆ. ಒತ್ತುವರಿ ಮಾಡಿದವರು ಹೆಚ್ಚಾಗಿ ಮಂಡಳಿಯ ಸದಸ್ಯರ ಮನೆಯವರೇ ಆಗಿರುತ್ತಾರೆ. ಸರ್ವೆ ಮಾಡಿಸದೆ ಹಿಟಾಚಿ ತಂದರೆ ಜಗಳ ಕೆರೆಯ ದಂಡೆಯ ಮೇಲೆ ಶುರುವಾಗುತ್ತದೆ, ಗಂಟೆ ಲೆಕ್ಕದ ಯಂತ್ರ ಸುಮ್ಮನೆ ನಿಂತಿರುತ್ತದೆ. ಮಳೆಗಾಲಕ್ಕೆ ಮುಂಚೆಯೇ ಸರ್ವೆಗೆ ಅರ್ಜಿ ಕೊಡಿ, ಕೆಲಸಕ್ಕೆ ಸಿಗುವುದು ಫೆಬ್ರುವರಿಯಿಂದ ಮೇ ನಡುವಿನ ಒಣ ತಿಂಗಳುಗಳಷ್ಟೇ.

ಈಗ ದುಡ್ಡು. ಹೂಳು ತೆಗೆಯಲು ಮೂರು ಲಕ್ಷ ಎಂದು ಬರೆದಿದ್ದೀರಿ, ಯಾವ ಆಧಾರದ ಮೇಲೆ ಎಂದು ಬರೆದಿಲ್ಲ. ಒಂದು ಎಕರೆಯಲ್ಲಿ ಒಂದು ಮೀಟರ್ ಆಳ ತೆಗೆದರೆ 4,000 ಘನ ಮೀಟರಿಗೆ ಸ್ವಲ್ಪ ಹೆಚ್ಚು ಮಣ್ಣಾಗುತ್ತದೆ. ಎರಡು ಎಕರೆಗೆ 8,000. ನಿಮ್ಮ ಮೂರು ಲಕ್ಷವನ್ನು ಭಾಗಿಸಿದರೆ ಘನ ಮೀಟರಿಗೆ ನಲವತ್ತು ರೂಪಾಯಿಯೂ ಇಲ್ಲ, ಅದರಲ್ಲೇ ಅಗೆದು, ತುಂಬಿ, ಸಾಗಿಸಬೇಕು. ಅನುದಾನ ಕೊಡುವವರ ಎಂಜಿನಿಯರು ಈ ಭಾಗಾಕಾರವನ್ನು ಎರಡು ನಿಮಿಷದಲ್ಲಿ ಮಾಡುತ್ತಾರೆ. ಸಾಗಾಟವೇ ದೊಡ್ಡ ಖರ್ಚು. ಮಲೆನಾಡಿನಲ್ಲಿ ಅದಕ್ಕೊಂದು ಸಹಜ ಪರಿಹಾರವಿದೆ: ಕೆರೆಯ ಗೋಡುಮಣ್ಣು ಅಡಿಕೆ ತೋಟಕ್ಕೆ ಬೇಕು. ಬೇಕಾದವರು ತಮ್ಮ ಖರ್ಚಿನಲ್ಲಿ ಹೊಡೆಸಿಕೊಳ್ಳಲಿ, ಮಂಡಳಿ ಯಂತ್ರದ ಬಾಡಿಗೆ ಮಾತ್ರ ಕೊಡಲಿ. ಯಾರು ಎಷ್ಟು ಲೋಡು ಒಯ್ಯುತ್ತಾರೆಂದು ಮೊದಲೇ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡರೆ, ಅರ್ಜಿಯಲ್ಲಿ ಅದು ಊರಿನ ಪಾಲು ಎಂದು ಎದ್ದು ಕಾಣುತ್ತದೆ. ಮಣ್ಣು ಮಾರಿ ಮಂಡಳಿಗೆ ಆದಾಯ ಮಾಡಿಕೊಳ್ಳುವ ಆಸೆ ಬೇಡ. ಸಾರ್ವಜನಿಕ ಕೆರೆಯ ಮಣ್ಣನ್ನು ಮಾರುವ ಹಕ್ಕು ನಿಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಈ ಕೆರೆಯ ದಂಡೆ, ತೂಬು, ಕೋಡಿಯ ಕೆಲಸ ಸೇರಿಸಲು ಸಾಧ್ಯವೇ ಕೇಳಿ. ಕಲ್ಲು ಕಟ್ಟುವ ಕೆಲಸ ಅಲ್ಲಿಂದ ಆದರೆ ಮಂಡಳಿಗೆ ಉಳಿಯುವುದು ಹೂಳು, ಸುತ್ತಲಿನ ಗಿಡ. ಅಷ್ಟಕ್ಕೆ ಜಿಲ್ಲೆಯೊಳಗಿನ ಸಹಕಾರಿ ಸಂಘಗಳು, ಕೆರೆ ಕೆಲಸಕ್ಕೆ ಕೈಜೋಡಿಸುವ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳು ನಿಮಗೆ ಹತ್ತಿರ. ಜಾಗತಿಕ ಪರಿಸರ ಸೌಲಭ್ಯ (ಜಿಇಎಫ್) ಎಂಬ ಅಂತರರಾಷ್ಟ್ರೀಯ ನಿಧಿ 1992ರಿಂದ ನಡೆಸುತ್ತಿರುವ ಸಣ್ಣ ಅನುದಾನ ಕಾರ್ಯಕ್ರಮದ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಸಾಗುವ, ಬಹುಕಾಲ 50,000 ಡಾಲರ್‌ವರೆಗೆ ಇದ್ದ ಅನುದಾನ ಅದು. ‘ಸಣ್ಣ’ ಎಂಬುದು ಅವರ ಅಳತೆಯಲ್ಲಿ! ಆಯ್ದ ಪ್ರದೇಶಗಳಿಗೆ, ಆಯ್ದ ವಿಷಯಗಳಿಗೆ ಕೊಡುತ್ತಾರೆ, ಶ್ರಮದಾನವನ್ನೂ ನಿಮ್ಮ ಪಾಲಾಗಿ ಲೆಕ್ಕ ಹಿಡಿಯುತ್ತಾರೆ. 41 ಸಾವಿರದ ಮಂಡಳಿ ಅಷ್ಟು ದೊಡ್ಡದಕ್ಕೆ ಕೈಹಾಕುವುದು ಕರುವಿನ ಹೆಗಲಿಗೆ ನೊಗ ಹೂಡಿದಂತೆ. ಅನುಭವಿ ಸಂಸ್ಥೆಯೊಂದು ಹಲವು ಊರುಗಳ ಕೆರೆ ಸೇರಿಸಿ ಅರ್ಜಿ ಹಾಕುವುದಾದರೆ ನೀವೂ ಒಂದು ಊರಾಗಿ ಸೇರಿಕೊಳ್ಳಬಹುದು.

ಹಣ ಮಂಜೂರಾದ ಮೇಲೆ

ಮಂಜೂರಾತಿ ಪತ್ರ ಬಂದ ದಿನ ಊರಲ್ಲಿ ಸಿಹಿ ಹಂಚುತ್ತಾರೆ. ಹಣ ಬರುವುದು ಆಮೇಲೆ, ಕೆಲವೊಮ್ಮೆ ಬಹಳ ಆಮೇಲೆ. ಕೆಲವು ಯೋಜನೆಗಳಲ್ಲಿ ಮುಕ್ಕಾಲು ಪಾಲು ಮೊದಲು, ಉಳಿದ ಕಾಲು ಲೆಕ್ಕ ಕೊಟ್ಟ ಮೇಲೆ. ಇನ್ನು ಕೆಲವದರಲ್ಲಿ ಕಾರ್ಯಕ್ರಮ ಮುಗಿಸಿ ಫೋಟೊ, ಬಿಲ್ಲು ಕೊಟ್ಟ ಮೇಲಷ್ಟೇ ಹಣ, ಅದೂ ಕೇಳಿದ್ದಕ್ಕಿಂತ ಕಡಿಮೆ. ಜೊತೆಗೆ ಒಂದು ಪಾಲನ್ನು ಸಂಘವೇ ಹಾಕಬೇಕೆಂಬ ಷರತ್ತೂ ಇರುತ್ತದೆ. ಅಷ್ಟರವರೆಗೆ ಯಾರೋ ಒಬ್ಬರು ಕೈಯಿಂದ ಹಾಕುತ್ತಾರೆ, ಸಾಮಾನ್ಯವಾಗಿ ಅಧ್ಯಕ್ಷರು. ನಾನು ಕಂಡ ಜಗಳಗಳಲ್ಲಿ ಬಹುಪಾಲು ಇಲ್ಲೇ ಹುಟ್ಟಿದವು. ಕೈಯಿಂದ ಹಾಕಿದ ಹಣಕ್ಕೆ ಬರಹವಿಲ್ಲ, ಅನುದಾನ ಬಂದಾಗ ಅವರು ತೆಗೆದುಕೊಂಡರೆ ‘ಅಧ್ಯಕ್ಷರು ನುಂಗಿದರು’ ಎಂಬ ಮಾತು. ಹಾಗಾಗಿ ಕೈಸಾಲ ಪಡೆದರೆ ಸಭೆಯಲ್ಲಿ ಠರಾವು ಬರೆದು, ಖಾತೆಯ ಮೂಲಕವೇ ಪಡೆದು, ಖಾತೆಯ ಮೂಲಕವೇ ತೀರಿಸಿ. ಇಷ್ಟು ಹಣವನ್ನು ಆರು ತಿಂಗಳು ಮುಂಗಡ ಹಾಕುವ ಶಕ್ತಿ ನಮಗಿದೆಯೇ ಎಂದು ಲೆಕ್ಕ ಹಾಕಿ, ಅಷ್ಟನ್ನೇ ಕೇಳಿ. ನಿಮ್ಮ ಮಟ್ಟಿಗೆ ಮೊದಲ ಅರ್ಜಿ ಒಂದು ಲಕ್ಷ ದಾಟುವುದು ಬೇಡವೆನ್ನುತ್ತೇನೆ.

ಬಳಕೆ ಪ್ರಮಾಣಪತ್ರ, ಎಲ್ಲರೂ ಯುಸಿ ಎನ್ನುವುದು, ಕೊಡದಿದ್ದರೆ ಮುಂದಿನ ಬಾಗಿಲೆಲ್ಲ ಮುಚ್ಚುತ್ತದೆ. ಕೇಂದ್ರದ ಅನುದಾನವಾದರೆ ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಅದನ್ನು ಕೊಡಬೇಕು. ಆ ಹಣ ಖಾತೆಯಲ್ಲಿದ್ದಷ್ಟು ದಿನ ಬಂದ ಬಡ್ಡಿಯೂ ಸರ್ಕಾರಕ್ಕೇ ಸೇರಿದ್ದು, ಅದರಲ್ಲಿ ಚಹಾ ಕುಡಿಯುವಂತಿಲ್ಲ. ಚಂಡೆಗೆಂದು ಬಂದದ್ದನ್ನು ಗಣೇಶೋತ್ಸವದ ಪೆಂಡಾಲಿಗೆ ಬಳಸಿ, ‘ಎರಡೂ ಸಂಸ್ಕೃತಿಯೇ ಅಲ್ಲವೇ’ ಎಂದವರು ಇದ್ದಾರೆ. ಒಂದು ಬಾಬ್ತಿನ ಹಣ ಇನ್ನೊಂದಕ್ಕೆ ಹೋಗಬೇಕಾದರೆ ಕೊಟ್ಟವರಿಗೆ ಮೊದಲೇ ಪತ್ರ ಬರೆದು ಒಪ್ಪಿಗೆ ಕೇಳಿ. ಮೊದಲೇ ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ, ಆಮೇಲೆ ಹೇಳಿದರೆ ವಸೂಲಿ ಪತ್ರ ಬರುತ್ತದೆ. ಹಳ್ಳಿಯಲ್ಲಿ ಜಿಎಸ್‌ಟಿ ಬಿಲ್ಲು ಸಿಗದ ಖರ್ಚುಗಳೂ ಇರುತ್ತವೆ, ಕೂಲಿ, ಊಟ, ಜೀಪಿನ ಬಾಡಿಗೆ. ಅವಕ್ಕೆ ವೋಚರ್ ಮೇಲೆ ಪಡೆದವರ ಹೆಸರು, ಕೆಲಸ, ತಾರೀಖು, ಫೋನ್ ಸಂಖ್ಯೆ ಬರೆದು ಸಹಿ ಹಾಕಿಸಿ, ಅದೇ ದಿನ. ಮಾರ್ಚ್ ಕೊನೆಯಲ್ಲಿ ಕೂತು ಬರೆದರೆ ನೆನಪಿನ ಜೊತೆ ಕಲ್ಪನೆಯೂ ಸೇರಿಕೊಳ್ಳುತ್ತದೆ.

ಕೊನೆಗೆ ಅಧ್ಯಕ್ಷರ ಸ್ವಂತ ಖಾತೆಯ ಪ್ರಶ್ನೆ. ನೀವು ಅದನ್ನು ಕೊನೆಗೆ ಸಣ್ಣದಾಗಿ ಕೇಳಿದ್ದೀರಿ, ನಾನಾದರೆ ಈ ವಾರ ಮೊದಲು ಅದನ್ನೇ ಸರಿಪಡಿಸುತ್ತಿದ್ದೆ. ಅಧ್ಯಕ್ಷರ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ನಾಳೆ ಅವರಿಗೆ ಏನಾದರೂ ಆದರೆ ಆ ದುಡ್ಡು ನಾಮಿನಿಯ ಕೈಗೆ ಹೋಗುತ್ತದೆ, ತೆರಿಗೆ ಇಲಾಖೆ ಕೇಳಿದರೆ ಅವರ ಆದಾಯವೆಂದು ಕಾಣುತ್ತದೆ, ಅನುದಾನವಂತೂ ವ್ಯಕ್ತಿಯ ಖಾತೆಗೆ ಬರುವುದೇ ಇಲ್ಲ. ಸಾಮಾನ್ಯ ಸಭೆಯ ಠರಾವು, ನೋಂದಣಿ ಪತ್ರ, ಬೈಲಾ ಪ್ರತಿ, ಮಂಡಳಿಯ ಪ್ಯಾನ್ ಹಿಡಿದು ಹೋದರೆ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಖಾತೆ ತೆರೆಯುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ ಎಂದಿರಲಿ. ಖಜಾಂಚಿ ಅಧ್ಯಕ್ಷರ ಮನೆಯವರಲ್ಲದಿದ್ದರೆ ಒಳ್ಳೆಯದು. ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ತೋಟಕ್ಕೆ ಹೋಗುವ ಪದ್ಧತಿ ಬೇಡ. ಖಾತೆ ತೆರೆದ ದಿನವೇ ಆ 41 ಸಾವಿರ ಅಲ್ಲಿಗೆ ವರ್ಗವಾಗಲಿ, ಎಲ್ಲಿಂದ ಬಂತು ಎಂಬ ವಿವರದ ಹಾಳೆಗೆ ಅಧ್ಯಕ್ಷರೇ ಸಹಿ ಮಾಡಲಿ.